ಗೋಕುಲಂನ ವಿದೇಶಿ ವಿದ್ಯಾರ್ಥಿಗಳು: ವಾಸ, ವಿದ್ಯೆ ಮತ್ತು ಮೈಸೂರಿನ ವಾಣಿಜ್ಯ

ಪ್ರವಾಸಿಯು ಬಂದು ಹೋಗುವವನು. ವಿದ್ಯಾರ್ಥಿಯು ಬಂದು ನಿಲ್ಲುವವನು. ವಾಣಿಜ್ಯದ ದೃಷ್ಟಿಯಿಂದ ಈ ವ್ಯತ್ಯಾಸ ಸಣ್ಣದಲ್ಲ. ಅರಮನೆ, ಚಾಮುಂಡಿ ಬೆಟ್ಟ, ಮೃಗಾಲಯ, ಕನ್ನಂಬಾಡಿ ಇವಿಷ್ಟನ್ನು ಒಂದೆರಡು ದಿನಗಳಲ್ಲಿ ನೋಡಿ ಊಟಿಯ ಕಡೆಗೆ ಹೊರಡುವ ಪ್ರವಾಸಿಯಿಂದ ಹೋಟೆಲಿಗೆ, ಟ್ಯಾಕ್ಸಿಗೆ, ಕರಕುಶಲ ವಸ್ತುಗಳ ಮಳಿಗೆಗೆ ಒಂದಿಷ್ಟು ಆದಾಯ ಬರುತ್ತದೆ. ಆದರೆ ಎರಡು ಮೂರು ತಿಂಗಳು ಇದ್ದು ಕಲಿಯಲು ಬಂದವನಿಗೆ ಬಾಡಿಗೆ ಮನೆ ಬೇಕು, ಹಾಲು ತರಕಾರಿ ಬೇಕು, ಗ್ಯಾಸ್ ಸಿಲಿಂಡರ್ ಬೇಕು, ಮೊಬೈಲ್ ಸಿಮ್ ಬೇಕು, ದರ್ಜಿ ಬೇಕು, ದಂತವೈದ್ಯರೂ ಬೇಕು. ಅವನು ಖರ್ಚು ಮಾಡುವ ಹಣವು ಒಂದು ಬೀದಿಯ ಇಪ್ಪತ್ತು ಅಂಗಡಿಗಳಿಗೆ ಹಂಚಿಹೋಗುತ್ತದೆ.

ಮೈಸೂರಿನ ಗೋಕುಲಂ ಬಡಾವಣೆಯು ಇಂತಹ ವಾಸಕ್ಕೆ ಜಗತ್ಪ್ರಸಿದ್ಧವಾದ ನಿದರ್ಶನ. ನಮ್ಮ ಅನೇಕ ವರ್ತಕರ ಮಕ್ಕಳು ಜರ್ಮನಿಗೋ ಜಪಾನಿಗೋ ಹೋಗಿ ಮನೆ ಹುಡುಕಿ, ಭಾಷೆ ಕಲಿತು, ಕೆಲಸಕ್ಕೆ ಹೊಂದಿಕೊಳ್ಳುವ ಕಷ್ಟಸುಖಗಳನ್ನು ದೂರವಾಣಿಯಲ್ಲಿ ಹೇಳುತ್ತಿರುತ್ತಾರೆ. ಅದೇ ಕಷ್ಟಸುಖಗಳನ್ನು ನಮ್ಮ ಊರಿನಲ್ಲೇ ಅನುಭವಿಸುತ್ತಿರುವ ಹೊರನಾಡಿನವರನ್ನು ಗಮನಿಸಿದರೆ ವ್ಯಾಪಾರಕ್ಕೂ ವ್ಯವಹಾರಜ್ಞಾನಕ್ಕೂ ಉಪಯುಕ್ತವಾದ ಪಾಠಗಳು ದೊರೆಯುತ್ತವೆ.

ಹಿನ್ನೆಲೆ

ಈ ಪರಂಪರೆಯ ಮೂಲ ಅರಮನೆಯ ಆಶ್ರಯದಲ್ಲಿದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಪ್ರೋತ್ಸಾಹದಿಂದ ತಿರುಮಲೈ ಕೃಷ್ಣಮಾಚಾರ್ಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ಆರಂಭಿಸಿದರು. ರೀಗಾ ನಗರದಲ್ಲಿ ಜನಿಸಿದ, ಮುಂದೆ ಇಂದ್ರಾದೇವಿ ಎಂಬ ಹೆಸರಿನಿಂದ ಖ್ಯಾತರಾದ ಯೂರೋಪಿನ ಮಹಿಳೆ 1937ರ ಸುಮಾರಿಗೆ ಇಲ್ಲಿಗೆ ಬಂದು ಶಿಷ್ಯವೃತ್ತಿಯನ್ನು ಕೋರಿದರು. ಆಚಾರ್ಯರು ಮೊದಲು ಒಪ್ಪಲಿಲ್ಲ. ಮಹಾರಾಜರ ಮಾತಿನ ಮೇಲೆ ಒಪ್ಪಿದರು. ಆಹಾರ, ನಿದ್ರೆ, ಅಭ್ಯಾಸಗಳೆಲ್ಲ ಇಲ್ಲಿನ ಕಟ್ಟುಪಾಡಿನಂತೆಯೇ ನಡೆಯಬೇಕೆಂಬುದು ಅವರಿಗೆ ವಿಧಿಸಿದ ಷರತ್ತು. ಆಕೆ ಮುಂದೆ ಶಾಂಘೈನಲ್ಲಿ ತರಗತಿಗಳನ್ನು ನಡೆಸಿ, 1947ರಲ್ಲಿ ಅಮೆರಿಕದ ಹಾಲಿವುಡ್‌ನಲ್ಲಿ ಯೋಗಕೇಂದ್ರ ತೆರೆದರು. ಮೈಸೂರಿಗೆ ಬಂದು ಇಲ್ಲಿನ ದಿನಚರಿಗೆ ಒಗ್ಗಿಕೊಂಡು ವಿದ್ಯೆಯನ್ನು ಹೊರದೇಶಕ್ಕೆ ಒಯ್ದವರ ಸಾಲಿನಲ್ಲಿ ಅವರದು ಮೊದಲ ಹೆಸರುಗಳಲ್ಲೊಂದು.

ಕೃಷ್ಣಮಾಚಾರ್ಯರ ಶಿಷ್ಯರೂ ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ ಯೋಗ ಬೋಧಿಸಿದವರೂ ಆದ ಕೆ. ಪಟ್ಟಾಭಿ ಜೋಯಿಸರು 1948ರಲ್ಲಿ ಲಕ್ಷ್ಮೀಪುರಂನ ತಮ್ಮ ಮನೆಯಲ್ಲಿ ಅಷ್ಟಾಂಗ ಯೋಗ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದರು. 1964ರಲ್ಲಿ ಬೆಲ್ಜಿಯಂನ ಆಂಡ್ರೆ ವಾನ್ ಲೈಸ್‌ಬೆತ್ ಇಲ್ಲಿ ಅಭ್ಯಾಸ ಮಾಡಿ ತಮ್ಮ ಬರಹಗಳಲ್ಲಿ ಜೋಯಿಸರ ಹೆಸರನ್ನು ಪ್ರಚುರಪಡಿಸಿದ ಬಳಿಕ ಯೂರೋಪಿನವರು ಬರತೊಡಗಿದರು. 1970ರ ದಶಕದಲ್ಲಿ ಅಮೆರಿಕದವರು ಬಂದರು. ಲಕ್ಷ್ಮೀಪುರಂನ ಚಿಕ್ಕ ಶಾಲೆ ಸಾಲದಾದಾಗ 2002ರಲ್ಲಿ ಗೋಕುಲಂಗೆ ಸ್ಥಳಾಂತರವಾಯಿತು. ಜೋಯಿಸರು 2009ರ ಮೇ 18ರಂದು ನಿಧನರಾದರು. ಅವರ ಮಗಳು ಸರಸ್ವತಿ ಹಾಗೂ ಮೊಮ್ಮಗ ಶರತ್ ಜೋಯಿಸರು ಬೋಧನೆಯನ್ನು ಮುಂದುವರಿಸಿದರು.

ಪ್ರತಿಯೊಬ್ಬರೂ ತಮ್ಮ ತಮ್ಮ ವೇಗದಲ್ಲಿ ಅಭ್ಯಾಸ ಮಾಡುತ್ತಾ, ಗುರುಗಳು ಒಬ್ಬೊಬ್ಬರನ್ನೇ ತಿದ್ದುವ ಈ ಪದ್ಧತಿಗೆ ಜಗತ್ತಿನ ನಾನಾ ನಗರಗಳಲ್ಲಿ 'ಮೈಸೂರು ಶೈಲಿ' ಎಂಬ ಹೆಸರೇ ನಿಂತಿದೆ. ಮೈಸೂರು ರೇಷ್ಮೆ, ಮೈಸೂರು ಸ್ಯಾಂಡಲ್ ಸೋಪು, ಮೈಸೂರು ಪಾಕ್ ಇವುಗಳ ಸಾಲಿಗೆ ಊರಿನ ಹೆಸರನ್ನು ಹೊತ್ತ ಇನ್ನೊಂದು 'ಸರಕು' ಸೇರಿತು. ಇದರ ಪ್ರಚಾರಕ್ಕಾಗಿ ನಮ್ಮ ವರ್ತಕ ಸಮುದಾಯವು ಒಂದು ರೂಪಾಯಿಯನ್ನೂ ವೆಚ್ಚ ಮಾಡಿಲ್ಲವೆಂಬುದನ್ನು ಮರೆಯಬಾರದು.

ದಿನಚರಿಯೇ ಮಾರುಕಟ್ಟೆ

ಯಾವುದೇ ವ್ಯಾಪಾರಿಯು ಗ್ರಾಹಕನ ದಿನಚರಿಯನ್ನು ಅರಿತಿರಬೇಕು. ಗೋಕುಲಂನ ವಿದ್ಯಾರ್ಥಿಯ ದಿನ ನಸುಕಿಗೆ ಮುಂಚೆ ಆರಂಭವಾಗುತ್ತದೆ. ಬರಿಹೊಟ್ಟೆಯಲ್ಲಿ ಅಭ್ಯಾಸ, ಅದು ಮುಗಿದೊಡನೆ ಎಳನೀರು, ಬಳಿಕ ಹೊಟ್ಟೆ ತುಂಬ ಉಪಾಹಾರ. ಸಂಜೆಯ ಊಟ ಲಘುವಾದದ್ದು, ಬೇಗ ಮುಗಿಯುವಂಥದ್ದು. ಆದುದರಿಂದ ಇಲ್ಲಿನ ಉಪಾಹಾರ ಗೃಹಗಳಿಗೆ ಬೆಳಗಿನ ಹೊತ್ತೇ ಮುಖ್ಯ ವ್ಯಾಪಾರ. ರಾತ್ರಿ ಹತ್ತರವರೆಗೆ ಅಡುಗೆಯವರನ್ನು ಇರಿಸಿಕೊಂಡರೆ ಸಂಬಳವೇ ನಷ್ಟ. ಇತರ ಹೋಟೆಲುಗಳ ಲೆಕ್ಕಾಚಾರವನ್ನು ಇಲ್ಲಿಗೆ ಯಥಾವತ್ತಾಗಿ ತಂದವರು ಕೈಸುಟ್ಟುಕೊಳ್ಳುವುದು ಸಹಜ.

ಸಂಪ್ರದಾಯದಂತೆ ಶನಿವಾರ ಅಭ್ಯಾಸಕ್ಕೆ ಬಿಡುವು. ಹುಣ್ಣಿಮೆ ಮತ್ತು ಅಮಾವಾಸ್ಯೆಗಳಂದೂ ಬಿಡುವೇ. ಅಂದು ಮುಂಜಾನೆಯ ಎಳನೀರಿನ ಗಾಡಿಗೆ ಬೇಡಿಕೆ ಕಡಿಮೆ. ಆದರೆ ದೇವರಾಜ ಮಾರುಕಟ್ಟೆಗೆ, ಶ್ರೀರಂಗಪಟ್ಟಣಕ್ಕೆ, ಸೋಮನಾಥಪುರಕ್ಕೆ ಹೋಗುವ ಆಟೋ, ಟ್ಯಾಕ್ಸಿಗಳಿಗೆ ಕೆಲಸ ಹೆಚ್ಚು. ಪಂಚಾಂಗವನ್ನು ಗೋಡೆಗೆ ತೂಗುಹಾಕುವುದು ನಮ್ಮ ಅಂಗಡಿಗಳಲ್ಲಿ ಹಳೆಯ ರೂಢಿ. ಗೋಕುಲಂನಲ್ಲಿ ಅದು ದಾಸ್ತಾನಿನ ಯೋಜನೆಗೂ ಬರುತ್ತದೆ.

ವರ್ಷದ ಲೆಕ್ಕವೂ ಹೀಗೆಯೇ. ಅಕ್ಟೋಬರಿನಿಂದ ಮಾರ್ಚಿಯವರೆಗೆ ಜನ ಹೆಚ್ಚು. ಬೇಸಿಗೆ ಮತ್ತು ಮಳೆಗಾಲದಲ್ಲಿ ವಿರಳ. ಆರು ತಿಂಗಳ ಆದಾಯದಿಂದ ಹನ್ನೆರಡು ತಿಂಗಳ ಬಾಡಿಗೆ, ಸಂಬಳ ಮತ್ತು ಬಡ್ಡಿಯನ್ನು ತುಂಬಬೇಕಾದ ವ್ಯವಹಾರವೆಂದು ತಿಳಿದೇ ಕೈಹಾಕಬೇಕು.

ಬಾಡಿಗೆ ಮನೆಯ ಗಣಿತ

ವಿದೇಶಿಯರಿಗೆ ಮನೆ ಕೊಟ್ಟರೆ ದುಪ್ಪಟ್ಟು ಲಾಭವೆಂಬ ನಂಬಿಕೆ ವ್ಯಾಪಕವಾಗಿದೆ. ಒಂದು ಕಾಲ್ಪನಿಕ ಉದಾಹರಣೆಯಿಂದ ಇದನ್ನು ಪರಿಶೀಲಿಸಬಹುದು. ಸ್ಥಳೀಯ ಕುಟುಂಬವೊಂದು ತಿಂಗಳಿಗೆ ರೂ. 15,000ದಂತೆ ವರ್ಷಪೂರ್ತಿ ವಾಸವಿದ್ದರೆ ಬರುವ ಬಾಡಿಗೆ ರೂ. 1,80,000. ಅದೇ ಮನೆಯನ್ನು ಮಂಚ, ಹಾಸಿಗೆ, ಫ್ರಿಜ್, ಒಲೆ, ವಾಷಿಂಗ್ ಮಷೀನ್‌ಗಳಿಂದ ಸಜ್ಜುಗೊಳಿಸಿ ತಿಂಗಳಿಗೆ ರೂ. 25,000ದಂತೆ ಆರು ತಿಂಗಳು ಕೊಟ್ಟರೆ ಬರುವುದು ರೂ. 1,50,000. ಸಜ್ಜಿಗಾಗಿ ತೊಡಗಿಸಿದ ರೂ. 1,50,000ವನ್ನು ಐದು ವರ್ಷಗಳಿಗೆ ಹಂಚಿದರೆ ವರ್ಷಕ್ಕೆ ರೂ. 30,000 ಕಳೆಯಬೇಕು. ಉಳಿಯುವುದು ರೂ. 1,20,000. ಅಂದರೆ ಸ್ಥಳೀಯ ಬಾಡಿಗೆಯನ್ನು ಸರಿಗಟ್ಟಬೇಕಾದರೂ ವರ್ಷದಲ್ಲಿ ಎಂಟೂವರೆ ತಿಂಗಳು ಮನೆ ಭರ್ತಿಯಾಗಿರಬೇಕು. ವಿದ್ಯುತ್, ಅಂತರ್ಜಾಲ ಮತ್ತು ಶುಚಿಗೊಳಿಸುವ ವೆಚ್ಚಗಳನ್ನು ಮಾಲೀಕರೇ ಭರಿಸಿದರೆ ಇನ್ನೂ ಹೆಚ್ಚು. ಮಾಸಿಕ ದರವನ್ನು ನೋಡಿ ಹಿಗ್ಗುವ ಬದಲು ವಾರ್ಷಿಕ ಭರ್ತಿಯನ್ನು ಲೆಕ್ಕ ಹಾಕುವುದು ವಿವೇಕ.

ತೆರಿಗೆಯ ದೃಷ್ಟಿಯಿಂದ ಮನೆ ಮಾತ್ರ ಬಾಡಿಗೆಗೆ ಕೊಡುವುದು ಬೇರೆ, ಸೇವೆಗಳೊಡನೆ ವಸತಿ ಒದಗಿಸುವುದು ಬೇರೆ. ಮೊದಲನೆಯದು ಸಾಮಾನ್ಯವಾಗಿ ಗೃಹಸ್ವತ್ತಿನ ಆದಾಯ. ಪಾವತಿಸಿದ ಪಾಲಿಕೆಯ ತೆರಿಗೆ ಕಳೆದು ಉಳಿದ ಮೊತ್ತದ ಶೇ. 30ರಷ್ಟನ್ನು ವೆಚ್ಚದ ರಸೀದಿಗಳಿಲ್ಲದೆಯೇ ಕಳೆಯಬಹುದು. ದಿನನಿತ್ಯದ ಶುಚಿತ್ವ, ಉಪಾಹಾರ, ಹಾಸಿಗೆ ಬದಲಾವಣೆಗಳೊಡನೆ ಕೋಣೆ ಕೊಡುವುದು ವ್ಯಾಪಾರವೆನಿಸುತ್ತದೆ. ಅಲ್ಲಿ ನೈಜ ವೆಚ್ಚ ಮತ್ತು ಸವಕಳಿಯ ಲೆಕ್ಕವಿರಬೇಕು. ಸರಕು ಮತ್ತು ಸೇವಾ ತೆರಿಗೆಯಲ್ಲೂ ಇದೇ ಭೇದವಿದೆ. ನೋಂದಣಿಯಿಲ್ಲದ ವ್ಯಕ್ತಿಗೆ ವಾಸಕ್ಕಾಗಿ ಕೊಟ್ಟ ವಸತಿಗೃಹದ ಬಾಡಿಗೆಗೆ ವಿನಾಯಿತಿಯಿದೆ. ಅತಿಥಿಗೃಹದ ಸೇವೆಗೆ ಅದು ಅನ್ವಯಿಸದು. ದಿನಕ್ಕೆ ರೂ. 1,000ದವರೆಗಿನ ಕೋಣೆಗಳಿಗೆ ಇದ್ದ ವಿನಾಯಿತಿಯು 2022ರ ಜುಲೈ 18ರಿಂದ ರದ್ದಾಗಿದೆ. ಸೇವೆಗಳ ಒಟ್ಟು ವಹಿವಾಟು ವರ್ಷಕ್ಕೆ ರೂ. 20 ಲಕ್ಷ ಮೀರಿದರೆ ನೋಂದಣಿ ಕಡ್ಡಾಯ.

ಮರೆಯಬಾರದ ನಿಯಮಗಳು

ಸದುದ್ದೇಶವಿದ್ದೂ ನಿಯಮ ತಿಳಿಯದೆ ತೊಂದರೆಗೆ ಸಿಲುಕುವ ಸಂಭವ ಹೆಚ್ಚಾದುದರಿಂದ ಕೆಲವು ಅಂಶಗಳನ್ನು ಒಟ್ಟಾಗಿ ಗಮನಿಸುವುದು ಒಳಿತು.

1. ವಿದೇಶಿಯರನ್ನು ಇರಿಸಿಕೊಂಡ ಪ್ರತಿಯೊಬ್ಬರೂ, ಹೋಟೆಲಾಗಲಿ, ಪೇಯಿಂಗ್ ಗೆಸ್ಟ್ ಆಗಲಿ, ಮನೆಯ ಮಹಡಿಯಾಗಲಿ, ಅವರು ಬಂದ 24 ಗಂಟೆಗಳೊಳಗೆ ವಿವರವನ್ನು ನೋಂದಣಾಧಿಕಾರಿಗೆ ಆನ್‌ಲೈನ್ ಮೂಲಕ ಸಲ್ಲಿಸಬೇಕು. 'ಫಾರಂ ಸಿ' ಎಂದೇ ಇದು ರೂಢಿಯಲ್ಲಿ ಪ್ರಸಿದ್ಧ. 1946ರ ವಿದೇಶಿಯರ ಕಾಯಿದೆಯ ಸ್ಥಾನದಲ್ಲಿ ವಲಸೆ ಮತ್ತು ವಿದೇಶಿಯರ ಕಾಯಿದೆ, 2025 ಜಾರಿಗೆ ಬಂದ ಮೇಲೂ ಈ ಹೊಣೆ ಮಾಲೀಕರ ಮೇಲೆಯೇ ಉಳಿದಿದೆ.

2. ಪ್ರವಾಸಿ ವೀಸಾದಲ್ಲಿ ಅಲ್ಪಾವಧಿಯ ಯೋಗಾಭ್ಯಾಸಕ್ಕೆ ಅವಕಾಶವಿದೆ, ದುಡಿಮೆಗೆ ಇಲ್ಲ. 'ಒಂದೆರಡು ವಾರ ಕೌಂಟರಿನಲ್ಲಿ ನಿಲ್ಲಲಿ, ಊಟ ಕೊಟ್ಟರಾಯಿತು' ಎಂದು ವಿದೇಶಿ ವಿದ್ಯಾರ್ಥಿಯನ್ನು ಉಪಾಹಾರ ಗೃಹದಲ್ಲಿ ಕೆಲಸಕ್ಕಿಟ್ಟುಕೊಂಡರೆ ಇಬ್ಬರಿಗೂ ಕಷ್ಟ. ಆತನನ್ನು ದೇಶದಿಂದ ಹೊರಕಳುಹಿಸುವವರೆಗೆ ಪ್ರಸಂಗ ಬೆಳೆಯಬಹುದು.

3. ವಿದೇಶಿ ನೋಟುಗಳನ್ನು ಪರವಾನಗಿಯಿಲ್ಲದೆ ರೂಪಾಯಿಗೆ ಬದಲಿಸಿಕೊಡುವುದು ವಿದೇಶಿ ವಿನಿಮಯ ನಿರ್ವಹಣಾ ಕಾಯಿದೆ, 1999ರ ಉಲ್ಲಂಘನೆ. ಅದರಡಿ ದಂಡವು ಮೂಲ ಮೊತ್ತದ ಮೂರು ಪಟ್ಟಿನವರೆಗೂ ಹೋಗಬಹುದು. ಗ್ರಾಹಕರನ್ನು ಬ್ಯಾಂಕಿಗೆ ಅಥವಾ ಅಧಿಕೃತ ವಿನಿಮಯದಾರರ ಬಳಿಗೆ ಕಳುಹಿಸುವುದೇ ಕ್ಷೇಮ.

4. ಒಂದೇ ವ್ಯವಹಾರಕ್ಕೆ ಸಂಬಂಧಿಸಿ ರೂ. 2 ಲಕ್ಷ ಅಥವಾ ಹೆಚ್ಚಿನ ನಗದು ಸ್ವೀಕಾರಕ್ಕೆ 2017ರ ಏಪ್ರಿಲ್ 1ರಿಂದ ನಿಷೇಧವಿದೆ. ಮುಂಗಡ ಮತ್ತು ಆರು ತಿಂಗಳ ಬಾಡಿಗೆಯನ್ನು ಒಟ್ಟಾಗಿ ನಗದಿನಲ್ಲಿ ಪಡೆಯುವವರು ಈ ಗೆರೆಯನ್ನು ಅರಿಯದೆ ದಾಟುವ ಸಾಧ್ಯತೆಯಿದೆ. ದಂಡವು ಪಡೆದ ಮೊತ್ತದಷ್ಟೇ ಆಗಬಹುದು.

5. ಸ್ವಂತ ಬಳಕೆಗೆ ನೋಂದಾಯಿಸಿದ ಬಿಳಿಫಲಕದ ಸ್ಕೂಟರನ್ನು ಬಾಡಿಗೆಗೆ ಕೊಡುವುದು ನಿಯಮಬಾಹಿರ. ಅಪಘಾತವಾದಲ್ಲಿ ವಿಮಾ ಕಂಪನಿಯು ಪರಿಹಾರವನ್ನು ನಿರಾಕರಿಸುವ ಸಂಭವವಿದ್ದು, ಆಗ ಹೊರೆ ವಾಹನದ ಮಾಲೀಕನ ಮೇಲೆ ಬೀಳುತ್ತದೆ.

ಇವೆಲ್ಲ ಕಿರುಕುಳವೆಂದು ಗೊಣಗುವವರುಂಟು. ಆದರೆ ಜರ್ಮನಿಯಲ್ಲಿ ನಮ್ಮ ಮಕ್ಕಳು ಮನೆ ಸೇರಿದ ಎರಡು ವಾರಗಳೊಳಗೆ ಸ್ಥಳೀಯ ಕಛೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆಯ ಮಾಲೀಕನ ಲಿಖಿತ ದೃಢೀಕರಣ ಬೇಕೇ ಬೇಕು. ಜಪಾನಿನಲ್ಲಿಯೂ ವಿಳಾಸ ತಿಳಿಸಲು 14 ದಿನಗಳ ಗಡುವಿದೆ. ಅಲ್ಲಿನ ಮಾಲೀಕನೊಬ್ಬ ಆ ಕಾಗದ ಕೊಡಲು ಸತಾಯಿಸಿದರೆ ಮೈಸೂರಿನಲ್ಲಿರುವ ತಂದೆತಾಯಿಗಳ ನಿದ್ರೆ ಕೆಡುತ್ತದೆ. ಇಲ್ಲಿ ಫಾರಂ ಸಲ್ಲಿಸದೆ ಉದಾಸೀನ ಮಾಡುವ ಮಾಲೀಕನೂ ಬೇರೊಂದು ದೇಶದ ತಂದೆತಾಯಿಗಳ ನಿದ್ರೆಯನ್ನು ಕೆಡಿಸುತ್ತಿರುತ್ತಾನೆ.

ಭಾಷಾಭ್ಯಾಸ

ನೆಲೆಯೂರಲು ಮನೆಯಷ್ಟೇ ಭಾಷೆಯೂ ಅಗತ್ಯ. ಈ ವಿಷಯದಲ್ಲಿ ಮೈಸೂರಿಗೆ ಅಪರೂಪದ ಅನುಕೂಲಗಳಿವೆ. 1876ರಲ್ಲಿ ಆರಂಭವಾದ ಮಹಾರಾಜ ಸಂಸ್ಕೃತ ಪಾಠಶಾಲೆ, 1891ರ ಪ್ರಾಚ್ಯವಿದ್ಯಾ ಸಂಶೋಧನಾಲಯ, 1916ರ ಮೈಸೂರು ವಿಶ್ವವಿದ್ಯಾನಿಲಯ, 1969ರ ಜುಲೈ 17ರಂದು ಸ್ಥಾಪಿತವಾದ ಭಾರತೀಯ ಭಾಷಾ ಸಂಸ್ಥಾನ ಇವೆಲ್ಲವೂ ಇದೇ ಊರಿನಲ್ಲಿವೆ. ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಸಂಸ್ಥೆಯು ತನ್ನ ಕನ್ನಡ ಕಲಿಕೆಯ ಕಾರ್ಯಕ್ರಮಕ್ಕೆ ಆರಿಸಿಕೊಂಡದ್ದು ಮೈಸೂರನ್ನೇ. ಯೋಗವನ್ನು ಕಲಿಯಲು ಬಂದವರಲ್ಲಿ ಅನೇಕರು ಮಂತ್ರೋಚ್ಚಾರ ಮತ್ತು ಸಂಸ್ಕೃತದ ಪಾಠಕ್ಕೆ ಸೇರುತ್ತಾರೆ. ಕೆಲವರು ಕನ್ನಡಕ್ಕೂ ಕೈಹಾಕುತ್ತಾರೆ.

ಕನ್ನಡ ಕಲಿಯುವವನಿಗೆ ಮೊದಲ ವಾರ ಮೂರು ಮಾತು ಸಾಕು: ಬೇಕು, ಬೇಡ, ಸಾಕು. ತರಕಾರಿ ಕೊಳ್ಳಲು, ಆಟೋ ಹಿಡಿಯಲು, ಊಟದ ಎಲೆಯ ಮುಂದೆ ಬಡಿಸುವವರನ್ನು ತಡೆಯಲು ಇವೇ ಆಧಾರ. ಮುಂದಿನ ತೊಡಕು ಉಚ್ಚಾರಣೆಯದು. 'ಹಾಲು' ಮತ್ತು 'ಹಾಳು' ಎರಡೂ ಅವನ ಕಿವಿಗೆ ಒಂದೇ. ಡೈರಿಯ ಮುಂದೆ ನಿಂತು ಅರ್ಧ ಲೀಟರ್ ಹಾಳು ಕೇಳಿದರೆ ನಗುವವರೇ ಹೆಚ್ಚು, ತಿದ್ದುವವರು ಕಡಿಮೆ. 'ಬಾ' ಮತ್ತು 'ಬನ್ನಿ'ಗಳ ಭೇದ ತಿಳಿಯದೆ ಹಿರಿಯರನ್ನು ಏಕವಚನದಲ್ಲಿ ಕರೆದು ಮುಜುಗರಕ್ಕೆ ಈಡಾಗುವುದೂ ಉಂಟು.

ಪದಕೋಶದಲ್ಲಿ ಸಿಗದ ಅರ್ಥಗಳು ಇನ್ನೂ ಕಠಿಣ. 'ನಾಳೆ ಬನ್ನಿ' ಎಂದು ದರ್ಜಿ ಹೇಳಿದರೆ ವಿದೇಶಿಯು ಮರುದಿನ ಬೆಳಿಗ್ಗೆಯೇ ಬಂದು ನಿಲ್ಲುತ್ತಾನೆ. 'ನೋಡೋಣ' ಎಂಬುದು ಒಪ್ಪಿಗೆಯೆಂದು ತಿಳಿಯುತ್ತಾನೆ. ಅದು ಮೃದುವಾದ ನಿರಾಕರಣೆಯೆಂಬುದು ಎಷ್ಟೋ ತಿಂಗಳ ಮೇಲೆ ಹೊಳೆಯುತ್ತದೆ. ಇಲ್ಲಿ ತಪ್ಪು ಕಲಿಯುವವನದು ಮಾತ್ರವಲ್ಲ. ಕೊಟ್ಟ ದಿನಕ್ಕೆ ಕೆಲಸ ಮುಗಿಸುವ, ಆಗದಿದ್ದರೆ ಆಗದೆಂದು ಹೇಳುವ ವರ್ತಕನಿಗೆ ಅವನ ಬಳಗದಲ್ಲಿ ಹೆಸರು ಬಹುಬೇಗ ಹರಡುತ್ತದೆ.

ಕಲಿಯಲು ಬಂದವನೊಡನೆ ನಾವು ಕೂಡಲೇ ಇಂಗ್ಲಿಷಿಗೆ ಹೊರಳುವುದು ಇನ್ನೊಂದು ಅಭ್ಯಾಸ. ಉಪಕಾರವೆಂದು ಮಾಡುವ ಈ ಕೆಲಸ ಅವನ ಕಲಿಕೆಯನ್ನು ಕುಂಠಿತಗೊಳಿಸುತ್ತದೆ. 1853ರಲ್ಲಿ ಮಂಗಳೂರಿಗೆ ಬಂದ ಫರ್ಡಿನಂಡ್ ಕಿಟೆಲ್ ಅವರು ಜನರ ನಡುವೆ ಮಾತನಾಡಿ, ಪಂಡಿತರ ಬಳಿ ಕುಳಿತು ಕಲಿತರು. 1894ರಲ್ಲಿ ಸುಮಾರು 70,000 ಪದಗಳ ನಿಘಂಟನ್ನು ಕೊಟ್ಟರು. ಬಂದವರೆಲ್ಲ ಕಿಟೆಲ್ ಆಗಲಾರರು ನಿಜ. ಅಂಗಡಿಯಲ್ಲಿ ಎರಡು ನಿಮಿಷ ಹೆಚ್ಚಾದರೂ ಸರಿ, ಕನ್ನಡದಲ್ಲೇ ವ್ಯವಹರಿಸಲು ಬಿಟ್ಟರೆ ಆ ಗ್ರಾಹಕ ಮತ್ತೆ ಮತ್ತೆ ಅದೇ ಅಂಗಡಿಗೆ ಬರುತ್ತಾನೆ.

ಒಂದೇ ಕಂಬದ ಮೇಲಿನ ಚಪ್ಪರ

ಈ ವ್ಯವಹಾರದ ದೌರ್ಬಲ್ಯವನ್ನು ಎರಡು ಘಟನೆಗಳು ತೋರಿಸಿಕೊಟ್ಟಿವೆ. ಮೊದಲನೆಯದು 2020ರ ಮಾರ್ಚಿಯಲ್ಲಿ ಕೋವಿಡ್‌ನಿಂದಾಗಿ ವೀಸಾಗಳು ಸ್ಥಗಿತಗೊಂಡದ್ದು. ಸಾಮಾನ್ಯ ವಿಮಾನಗಳಲ್ಲಿ ಬರುವ ಪ್ರವಾಸಿಗರಿಗೆ ಬಾಗಿಲು ಮತ್ತೆ ತೆರೆದದ್ದು 2021ರ ನವೆಂಬರ್ 15ರಂದು. ನಿಯತ ಅಂತರರಾಷ್ಟ್ರೀಯ ವಿಮಾನ ಸಂಚಾರ ಪುನರಾರಂಭವಾದದ್ದು 2022ರ ಮಾರ್ಚಿ 27ರಂದು. ಎರಡು ಋತುಗಳ ಆದಾಯ ಹೀಗೆ ಕೈತಪ್ಪಿತು. ಆದರೆ ಸಾಲದ ಕಂತು, ಬಾಡಿಗೆ ಕರಾರು, ಸಜ್ಜಿಗೆ ಹಾಕಿದ ಬಂಡವಾಳ ಇವು ಯಾವುವೂ ಕಾಯುವಂಥವಲ್ಲ.

ಎರಡನೆಯದು 2024ರ ನವೆಂಬರ್ 11ರಂದು ಅಮೆರಿಕದ ವರ್ಜೀನಿಯಾದಲ್ಲಿ ಶರತ್ ಜೋಯಿಸರ ಅಕಾಲಿಕ ನಿಧನ. ಅವರಿಗೆ 53 ವರ್ಷ. ಶಿಷ್ಯರಿಗೆ ಅದು ಗುರುವಿಯೋಗ. ಅವರ ಹೆಸರನ್ನು ನಂಬಿ ಬರುತ್ತಿದ್ದ ವಿದ್ಯಾರ್ಥಿಗಳನ್ನೇ ಆಶ್ರಯಿಸಿದ್ದ ಸಣ್ಣ ವ್ಯಾಪಾರಿಗೆ ಜೀವನೋಪಾಯದ ಪ್ರಶ್ನೆ. ಒಬ್ಬನೇ ದೊಡ್ಡ ಗ್ರಾಹಕನನ್ನು ನಂಬಿದ ಸಣ್ಣ ಕೈಗಾರಿಕೆಯು ಆ ಗ್ರಾಹಕನ ಆದೇಶ ನಿಂತೊಡನೆ ತತ್ತರಿಸುವುದನ್ನು ಹೆಬ್ಬಾಳು, ಹೂಟಗಳ್ಳಿ ಕೈಗಾರಿಕಾ ಪ್ರದೇಶಗಳ ಉದ್ಯಮಿಗಳು ಚೆನ್ನಾಗಿ ಬಲ್ಲರು. ಗೋಕುಲಂನ ಪರಿಸ್ಥಿತಿಯ ಗುಣವೂ ಅದೇ.

ಮುಂದಿನ ಹೆಜ್ಜೆಗಳು

ಕಂಬಗಳ ಸಂಖ್ಯೆಯನ್ನು ಹೆಚ್ಚಿಸುವುದೇ ಇದಕ್ಕೆ ಪರಿಹಾರ. ನಗರದಲ್ಲಿ ಬೇರೆ ಯೋಗಗುರುಗಳಿದ್ದಾರೆ. 1908ರಲ್ಲಿ ಆರಂಭವಾದ ಸರ್ಕಾರಿ ಆಯುರ್ವೇದ ಕಾಲೇಜಿನ ಪರಂಪರೆಯಿದೆ. ಸಂಗೀತ, ಮೈಸೂರು ಶೈಲಿಯ ಚಿತ್ರಕಲೆ, ಬೀಟೆ ಮರದ ಕೆತ್ತನೆಯ ಕೆಲಸಗಳಲ್ಲಿ ನುರಿತವರಿದ್ದಾರೆ. ಸಂಸ್ಕೃತ ಮತ್ತು ಕನ್ನಡವನ್ನು ಮೂರು ತಿಂಗಳ ಕ್ರಮಬದ್ಧ ಪಾಠವಾಗಿ ಕಲಿಸಬಲ್ಲ ನಿವೃತ್ತ ಅಧ್ಯಾಪಕರಿಗೆ ಈ ಊರಿನಲ್ಲಿ ಕೊರತೆಯಿಲ್ಲ. ಮಳೆಗಾಲದ ಖಾಲಿ ತಿಂಗಳುಗಳಿಗೆ ಇಂತಹ ಪಾಠಗಳನ್ನು ಹೊಂದಿಸಿದರೆ ಮನೆಗಳೂ ಭರ್ತಿಯಾದಾವು.

ವರ್ತಕರ ಮಟ್ಟದಲ್ಲಿ ಮಾಡಬಹುದಾದವು ಸರಳವಾದವು: ವಿದೇಶಿಗೆ ಒಂದು ದರ, ಊರಿನವರಿಗೆ ಇನ್ನೊಂದು ದರ ಎಂಬ ರೂಢಿಯನ್ನು ಬಿಟ್ಟು ದರಪಟ್ಟಿಯನ್ನು ಕನ್ನಡ ಮತ್ತು ಇಂಗ್ಲಿಷಿನಲ್ಲಿ ತೂಗುಹಾಕುವುದು, ಪ್ರತಿ ಬಾಡಿಗೆಗೂ ಲಿಖಿತ ಕರಾರು ಮಾಡಿ, ಮುಂಗಡ ಹಿಂತಿರುಗಿಸುವ ದಿನವನ್ನು ಅದರಲ್ಲೇ ನಮೂದಿಸುವುದು, ರಸೀದಿ ಕೊಡುವುದು, ಋತುವಿನ ಲಾಭದಲ್ಲಿ ಆರು ತಿಂಗಳ ಸ್ಥಿರ ವೆಚ್ಚದಷ್ಟನ್ನು ಪ್ರತ್ಯೇಕ ಠೇವಣಿಯಾಗಿ ಇಡುವುದು. ಮುಂಗಡ ಹಣದ ವಿಚಾರದಲ್ಲಿ ವಿಮಾನದ ದಿನ ಹತ್ತಿರ ಬಂದಿರುವ ಬಾಡಿಗೆದಾರನ ಅಸಹಾಯಕತೆಯನ್ನು ಬಳಸಿಕೊಳ್ಳುವುದು ಸುಲಭ; ಆದರೆ ಅಂದು ಉಳಿಸಿಕೊಂಡ ಹತ್ತು ಸಾವಿರ ರೂಪಾಯಿ ಮುಂದಿನ ಹತ್ತು ಬಾಡಿಗೆದಾರರನ್ನು ದೂರವಿಡುತ್ತದೆ.

ಲೆಕ್ಕಪತ್ರದಲ್ಲಿ ಕೀರ್ತಿಮೌಲ್ಯವೆಂಬ ಸ್ವತ್ತು ಉಂಟು. ಕಣ್ಣಿಗೆ ಕಾಣದು, ತೂಕಕ್ಕೆ ಸಿಗದು. ಹಾಗಿದ್ದೂ ಅಂಗಡಿ ಮಾರುವಾಗ ಅದಕ್ಕೇ ಹೆಚ್ಚು ಬೆಲೆ. 'ಮೈಸೂರು ಶೈಲಿ' ಎಂಬ ಎರಡು ಪದಗಳಲ್ಲಿ ಒಂದು ಊರಿಗೆ ಸೇರಿದ ಕೀರ್ತಿಮೌಲ್ಯವಿದೆ. ಅದನ್ನು ಗಳಿಸಿದವರು ಗುರುಗಳು. ಕಾಪಾಡಬೇಕಾದವರು ದಿನಬೆಳಗಾದರೆ ಆ ವಿದ್ಯಾರ್ಥಿಗಳಿಗೆ ಹಾಲು, ಎಳನೀರು, ಮನೆ ಮತ್ತು ಮಾತು ಕೊಡುವ ವರ್ತಕರು ಹಾಗೂ ಮನೆಯ ಮಾಲೀಕರು.